ಬ್ಯಾಂಡಿನವರ ಕಿವಿ

ಕಿವಿ ಪರೀಕ್ಷೆ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ಮನೆಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು ಯಾವ ಯಂತ್ರ ಒಳ್ಳೆಯದು ಎಂದು. ನಾನು ಕಾಫಿ ಕೊಟ್ಟು, "ಯಂತ್ರದ ಮಾತು ಆಮೇಲಾಯ್ತು. ನಿನ್ನ ಮುಂದೆ ಕೂತೋನು ಹೊಟ್ಟೆಪಾಡಿಗೆ ಏನ್ ಮಾಡ್ತಾನೆ ಅಂತ ಕೇಳಿದ್ಯಾ?" ಎನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಮುದುಕಿ ಪುರಾಣ ಶುರು ಮಾಡಿದಳಪ್ಪಾ ಎಂದುಕೊಳ್ಳುತ್ತಾರೆ, ನನಗೆ ಗೊತ್ತಿಲ್ಲವೇ? ಪುರಾಣವೇ ಆಗಲಿ, ಒಂದು ಸಲ ಪೂರ್ತಿ ಹೇಳಿಬಿಡೋಣ ಎಂದು ಬರೆಯಲು ಕೂತಿದ್ದೇನೆ.

ನನ್ನ ಹೆಸರು ಸರೋಜಾ. ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಗೆ ಕೂಗಳತೆಯ ದೂರದಲ್ಲಿದ್ದ ಒಂದು ಧರ್ಮಾಸ್ಪತ್ರೆಯ ಕಿವಿ ವಿಭಾಗದಲ್ಲಿ ನಿವೃತ್ತಿಯಾಗುವ ತನಕ ಕೆಲಸ ಮಾಡಿದೆ. ನಮ್ಮೆಜಮಾನರದು ವಿಮಾ ಕಚೇರಿ. ಮನೆ ಇಂದಿರಾನಗರದ ಆಚೆ, ಸ್ಟಾಫ್ ಕಾಲೊನಿಯಲ್ಲಿ. ಬಡ್ತಿ, ಸನ್ಮಾನ, ಶಾಲು ಇವೆಲ್ಲ ನಿಮಗೆ ಬೇಡ. ನನಗೂ ಬೇಡ. ಶಾಲು ಬೀರುವಿನಲ್ಲಿದೆ, ಅದರ ಪಾಡಿಗೆ ಇರಲಿ.

ಪರೀಕ್ಷೆ ಹೇಗೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಬಂದವರು ಗಾಜಿನ ಕಿಟಕಿಯಿರುವ ಸಣ್ಣ ಕೋಣೆಯೊಳಗೆ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು. ಹೊರಗೆ ಕೂತ ನಾನು ಯಂತ್ರದಿಂದ ಪೀಂ ಎನ್ನುವ ಸದ್ದು ಕೊಡುತ್ತೇನೆ. ಕೇಳಿಸಿದರೆ ಅವರು ಕೈಯಲ್ಲಿರುವ ಬಟನ್ ಒತ್ತಬೇಕು. ಒತ್ತಿದಾಗ ನನ್ನ ಮುಂದೆ ಒಂದು ಪುಟ್ಟ ಹಸಿರು ದೀಪ ಹತ್ತುತ್ತದೆ. ಸದ್ದನ್ನು ಸಣ್ಣದು ಮಾಡುತ್ತಾ ಹೋದಾಗ ದೀಪ ಎಲ್ಲಿ ನಿಲ್ಲುತ್ತದೋ ಅದೇ ಆ ಮನುಷ್ಯನ ಕಿವಿಯ ಕೊನೆ. ಇಷ್ಟೇ. ಮೂರು ದಿನದಲ್ಲಿ ಕಲಿಯಬಹುದು ಎನ್ನುತ್ತಾರೆ. ಕಲಿಯಬಹುದು, ಮೋಸ ಹೋಗುವುದನ್ನೂ ಅಷ್ಟೇ ಬೇಗ ಕಲಿಯಬಹುದು.

ಶಿವಾಜಿನಗರದಲ್ಲಿ ನಿಶ್ಶಬ್ದ ಹುಡುಕುವುದೇ ಒಂದು ತಮಾಷೆ. ನಮ್ಮ ಕೋಣೆಯ ಗೋಡೆಗೆ ಎಷ್ಟು ಸ್ಪಂಜು ಬಡಿದರೂ ಬಸ್ಸು ತಿರುಗುವ ಸದ್ದು, ಹಿಂದಿನ ಗಲ್ಲಿಯ ಮಾಂಸದಂಗಡಿಯ ಕತ್ತಿಯ ಟಕಟಕ, ಬಾಂಗು, ಚರ್ಚಿನ ಗಂಟೆ ಎಲ್ಲ ಒಳಗೆ ಬರುತ್ತಿದ್ದವು. ಯಾವುದು ಯಾವಾಗ ಶುರುವಾಗಿ ಯಾವಾಗ ನಿಲ್ಲುತ್ತದೆ ಎನ್ನುವುದು ನನಗೆ ಬಾಯಿಪಾಠ. ನಡುವಿನ ಸಂದು ನೋಡಿಕೊಂಡು ಪರೀಕ್ಷೆ ಮಾಡುತ್ತಿದ್ದೆ.

ನಮ್ಮ ವಿಭಾಗಕ್ಕೆ ಮುಖ್ಯಸ್ಥೆ ಡಾಕ್ಟರ್ ಫಿಲೋಮಿನಾ, ಹಲಸೂರಿನವರು. ಎತ್ತರದ ಆಸಾಮಿ, ಗಂಜಿ ಹಾಕಿದ ಕಾಟನ್ ಸೀರೆ. ಸಿಟ್ಟು ಬಂದರೆ ಕನ್ನಡ ಬಿಟ್ಟು ತಮಿಳಿಗೆ ಹೋಗುತ್ತಿದ್ದರು, ಸಿಟ್ಟು ಮಿತಿಮೀರಿದರೆ ಇಂಗ್ಲಿಷಿಗೆ. ಖುಷಿಯಾದರೆ ಮಾತೇ ಇಲ್ಲ. ಅವರ ಬಾಯಲ್ಲಿ ಇಂಗ್ಲಿಷ್ ಕೇಳದ ದಿನ ನಾವು ಒಳ್ಳೆಯ ಕೆಲಸ ಮಾಡಿದ್ದೇವೆಂದು ತಿಳಿದುಕೊಳ್ಳುತ್ತಿದ್ದೆವು.

ಬ್ಯಾಂಡಿನವರು ನಮ್ಮ ಬಾಗಿಲಿಗೆ ಬಂದದ್ದು ಒಂದು ಜಗಳದಿಂದ. ಮದುವೆ ಮೆರವಣಿಗೆಗೆ ಹೋಗುವ ಬ್ಯಾಂಡ್ ಸೆಟ್‌ಗಳ ಅಂಗಡಿಗಳು ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಇದ್ದವು. ಒಂದು ಬೆಳಿಗ್ಗೆ ಟ್ರಂಪೆಟ್ ಊದುವವನೊಬ್ಬ ಕಿವಿ ಕಟ್ಟಿಕೊಂಡಿದೆ ಎಂದು ಬಂದ. ನಾನು ಪರೀಕ್ಷೆ ಮಾಡಿದೆ, ಕಿವಿ ಅರ್ಧಕ್ಕರ್ಧ ಹೋಗಿದೆ ಎಂದು ತೋರಿಸಿತು. ಅವನಿಗೆ ಹಾಗೆಯೇ ಹೇಳಿದೆ. ಅವನು ಬೀದಿಯುದ್ದಕ್ಕೂ ಅತ್ತುಕೊಂಡು ಹೋದ. ಸ್ವಲ್ಪ ಹೊತ್ತಿಗೆ ಬಿಳಿ ಗಡ್ಡದ ಒಬ್ಬ ಹಿರಿಯರು ಕ್ಲಾರಿಯೊನೆಟ್ ಕೈಯಲ್ಲಿ ಹಿಡಿದೇ ಒಳಗೆ ನುಗ್ಗಿದರು. ಆ ಸೆಟ್ಟಿನ ಯಜಮಾನರು, ಗೌಸ್ ಮಾಸ್ಟರ್.

"ಅರೆ, ನನ್ನ ಟ್ರಂಪೆಟ್‌ನವನನ್ನ ಕಿವುಡ ಅಂದೋರು ಯಾರು? ನಿನ್ನೆ ಬಾಣಸವಾಡಿ ಮದುವೇಲಿ ಒಂದು ಸ್ವರ ತಪ್ಪಿಲ್ಲ ಅವನು!"

ಡಾಕ್ಟರ್ ಫಿಲೋಮಿನಾ ನನ್ನ ಕಡೆ ತಿರುಗಿದರು. "ಎನ್ನಮ್ಮಾ ಸರೋಜಾ, ನಿನ್ನೆ ಮದುವೇಲಿ ಊದಿ ಬಂದವನನ್ನ ಬೆಳಿಗ್ಗೆ ಕೂರಿಸಿದ್ಯಾ? ಮೆಟ್ಟಿಲು ಹತ್ತಿ ಓಡಿ ಬಂದವನಿಗೆ ಬಿಪಿ ನೋಡ್ದಂಗಾಯ್ತಲ್ಲ!"

ದೊಡ್ಡ ಸದ್ದಿನಲ್ಲಿ ಹೊತ್ತುಗಟ್ಟಲೆ ಇದ್ದ ಕಿವಿ ಕೆಲವು ಗಂಟೆ ಮಂಕಾಗಿರುತ್ತದೆ, ವಿಶ್ರಾಂತಿ ಸಿಕ್ಕರೆ ಎಷ್ಟೋ ತಿಳಿಯಾಗುತ್ತದೆ. ಪುಸ್ತಕದಲ್ಲಿ ಓದಿದ್ದೆ, ಕೆಲಸದ ಗಡಿಬಿಡಿಯಲ್ಲಿ ಮರೆತಿದ್ದೆ. ಆ ಹುಡುಗನನ್ನು ಬಿಡುವು ಕೊಟ್ಟು ಮತ್ತೆ ಕರೆಸಿದಾಗ ಕಿವಿ ಪರವಾಗಿಲ್ಲ ಎನ್ನುವಂತಿತ್ತು. ಅವನಲ್ಲಿ ಕ್ಷಮೆ ಕೇಳಿ ಮಾರುಕಟ್ಟೆಯಿಂದ ಸೇಬು ತರಿಸಿಕೊಟ್ಟೆ. ಅವನು ತಿಂದುಕೊಂಡೇ ಹೋದ.

ಡಾಕ್ಟರಮ್ಮ ಮಾತ್ರ ಸಿಕ್ಕಿದವರನ್ನು ಬಿಡುವ ಪೈಕಿ ಅಲ್ಲ. ಮಾಸ್ಟರನ್ನು ಕೂರಿಸಿ, "ಆಷಾಢದಲ್ಲಿ ಮದುವೆ ಇಲ್ಲ, ನಿಮಗೂ ಬಿಡುವು, ಕಿವಿಗೂ ಬಿಡುವು. ಇಡೀ ಸೆಟ್ಟನ್ನ ಕರ್ಕೊಂಡು ಬನ್ನಿ. ದುಡ್ಡು ಬೇಡ," ಎಂದರು. ಆಷಾಢದ ಕಿವಿ ಪರೀಕ್ಷೆ ಶುರುವಾದದ್ದು ಹಾಗೆ. ಈಗಲೂ ನಡೆಯುತ್ತದೆ. ಬ್ಯಾಂಡಿನವರ ಕಿವಿ ನೋಡುವುದಿದ್ದರೆ ಆಷಾಢದಲ್ಲೇ ನೋಡಿ, ಮಕ್ಕಳೇ.

ಮಾಸ್ಟರು ಎಲ್ಲರನ್ನೂ ಸಾಲಾಗಿ ಕರೆತಂದರು. ಬಂದವರು ಸುಮ್ಮನೆ ಇರಬೇಕಲ್ಲ. ಬೆಂಚಿನ ಮೇಲೆ ಕೂತಿದ್ದ ಎಲ್ಲರ ಎದುರಿಗೇ ಹೇಳಿಬಿಟ್ಟರು: "ನೋಡ್ರಪ್ಪಾ, ಕಿವಿ ಕೆಟ್ಟೋನಿಗೆ ನನ್ನ ಸೆಟ್ಟಲ್ಲಿ ವಾದ್ಯ ಇಲ್ಲ. ಮೊದಲೇ ಹೇಳಿದೀನಿ."

ಪರೀಕ್ಷೆಗೆ ಬಂದವರನ್ನು ಹೀಗೆ ಹೆದರಿಸಿದರೆ ಏನಾಗುತ್ತದೆ ಎನ್ನುವುದು ನನಗೆ ಆಗ ಹೊಳೆಯಲಿಲ್ಲ.

ಸೈಡ್ ಡ್ರಮ್ ಬಾರಿಸುವ ಮುನಿರಾಜು ಒಳಗೆ ಹೋದರು. ದಪ್ಪ ಮೀಸೆ, ಬೆರಳಿಗೆ ಉಂಗುರ, ನಲವತ್ತು ದಾಟಿದ ವಯಸ್ಸು. ಕಗ್ಗದಾಸಪುರದ ಹಳೇ ಊರಿನವರು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಇವರ ಬಾಡಿಗೆ ಮನೆಗಳು ನಿಂತಿವೆ. ಬಾಡಿಗೆ ತಿಂದುಕೊಂಡು ಕಾಲ ಮೇಲೆ ಕಾಲು ಹಾಕಿ ಕೂರಬಹುದಾದ ಮನುಷ್ಯ ಕೆಂಪು ಕೋಟು ಹಾಕಿಕೊಂಡು ಮಂದಿಯ ಮದುವೆಗೆ ಡ್ರಮ್ ಬಾರಿಸುತ್ತಾ ನಡೆಯುತ್ತಾನೆ ಎಂದು ನೆಂಟರೆಲ್ಲ ನಗುತ್ತಿದ್ದರಂತೆ.

ಪರೀಕ್ಷೆ ಅಂದರೆ ಪರೀಕ್ಷೆ! ದೊಡ್ಡ ಸದ್ದು, ದೀಪ. ಸಣ್ಣ ಸದ್ದು, ದೀಪ. ಅತಿ ಸಣ್ಣ ಸದ್ದಿಗೂ ದೀಪ. ಶಾಲೆಗೆ ಹೋಗುವ ಹುಡುಗನ ಕಿವಿ ಇದ್ದಂತೆ ಇತ್ತು. ನಾನು ಬಾಗಿಲು ತೆಗೆದು, "ಏನ್ ಕಿವಿ ರೀ ನಿಮ್ಮದು! ದೃಷ್ಟಿ ತೆಗೆಸ್ಕೊಳ್ಳಿ," ಎಂದೆ. ಅವರು ಮೀಸೆಯೊಳಗೇ ನಕ್ಕು ಹೊರಟರು. ಡಾಕ್ಟರಮ್ಮ ಮಾತ್ರ ಫಲಿತಾಂಶವನ್ನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟು ವರ್ಷ ಡ್ರಮ್ ಬಾರಿಸಿದವನಿಗೆ ಇಷ್ಟು ಚೆಂದದ ಕಿವಿನಾ?" ಎಂದು ಗೊಣಗಿದರು. ಇದ್ದರೆ ಇರಲಿ ಬಿಡಿ, ದೇವರು ಕೊಟ್ಟಿದ್ದಾನೆ ಎಂದೆ.

ಶ್ರಾವಣ ಬರುವುದರೊಳಗೆ ಒಬ್ಬ ಹೆಂಗಸು ಗಂಟಲು ತೋರಿಸಿಕೊಳ್ಳಲು ಬಂದರು. ಧ್ವನಿ ಪೂರ್ತಿ ಒಡೆದು ಹೋಗಿತ್ತು. ಡಾಕ್ಟರಮ್ಮ ಟಾರ್ಚ್ ಬಿಟ್ಟು ನೋಡಿ, "ಏನ್ ಕೆಲಸ ಮಾಡ್ತೀರಮ್ಮಾ? ಟೀಚರಾ? ಮಾರ್ಕೆಟ್ಟಲ್ಲಿ ವ್ಯಾಪಾರಾನಾ?" ಎಂದರು.

"ಎರಡೂ ಅಲ್ಲ ಮೇಡಂ. ಮನೇಲಿ ಗಂಡನ್ನ ಕೂಗೋದೇ ಕೆಲಸ. ಊಟಕ್ಕೆ ಬನ್ನಿ ಅಂತ ನಾಲ್ಕು ಸಲ, ಗ್ಯಾಸಿನೋನು ಬಂದ ಅಂತ ನಾಲ್ಕು ಸಲ. ಮಗಳ ಮಾತಿಗಂತೂ ಬರೀ ನಗ್ತಾರೆ. ಅವಳು ಹುಷಾರಿಲ್ಲ ಅಂದ್ರೂ ನಗು, ಫೀಸು ಕಟ್ಬೇಕು ಅಂದ್ರೂ ನಗು. ಅವಳೀಗ ಅವರ ಹತ್ರ ಮಾತಾಡೋದೇ ಬಿಟ್ಟಿದಾಳೆ."

"ಕಿವಿ ತೋರಿಸ್ಬೇಕಾಗಿತ್ತು ಅವರಿಗೆ," ಎಂದೆ ನಾನು.

"ತೋರಿಸಾಯ್ತಲ್ಲ! ನೀವೇ ಅಲ್ವಾ ದೃಷ್ಟಿ ತೆಗೆಸ್ಕೊಳ್ಳಿ ಅಂದಿದ್ದು?" ಆಕೆ ನನ್ನನ್ನೇ ನೋಡಿದರು. "ಬ್ಯಾಂಡಿನ ಮುನಿರಾಜು ಹೆಂಡ್ತಿ ನಾನು, ಮಂಜುಳಾ. ಕಿವಿ ಅಷ್ಟು ಚೆನ್ನಾಗಿದ್ರೆ ಬೇಕೂಂತಲೇ ಕೇಳಿಸ್ಕೊಳ್ತಿಲ್ಲ ಅಂತಾಯ್ತಲ್ಲ. ನಂಗೂ ಸಾಕಾಗಿದೆ. ಮಗಳನ್ನ ಕರ್ಕೊಂಡು ತವರಿಗೆ ಹೋಗ್ತೀನಿ ಅಂತ ಹೇಳೇ ಬಂದಿದೀನಿ. ಅದೂ ಕೇಳಿಸ್ತೋ ಇಲ್ವೋ."

 ನಾನು ಕೊಟ್ಟ ಒಂದು ಕಾಗದದಿಂದ ಒಂದು ಸಂಸಾರ ಮುರಿಯುವ ಹಾಗಾಗಿತ್ತು. ಮರುದಿನವೇ ಇಬ್ಬರನ್ನೂ ಕರೆಸಿದೆವು.

ಈ ಸಲ ಮುನಿರಾಜು ಅವರನ್ನು ನನಗೆ ಬೆನ್ನು ಮಾಡಿ ಕೂರಿಸಿದೆ. ಮಂಜುಳಾ ನನ್ನ ಪಕ್ಕದಲ್ಲಿ ನಿಂತರು. ಎಂದಿನಂತೆ ಶುರು ಮಾಡಿದೆ. ಪೀಂ, ದೀಪ. ಪೀಂ, ದೀಪ. ಆಮೇಲೆ ಯಾಕೋ ನನ್ನ ಕೈಯನ್ನೇ ನಾನು ನೋಡಿಕೊಂಡೆ. ಒಂದೇ ಸಮನೆ, ಒಂದೇ ಅಂತರದಲ್ಲಿ ಗುಂಡಿ ಒತ್ತುತ್ತಾ ಇದ್ದೆ. ವರ್ಷಗಟ್ಟಲೆ ಮಾಡಿದ ಕೆಲಸ, ಕೈ ತಾನಾಗಿ ನಡೆಯುತ್ತಿತ್ತು. ಕೈ ತೆಗೆದೆ. ಎರಡೂ ಕೈ ಕಟ್ಟಿಕೊಂಡು ಕೂತೆ.

ದೀಪ ಹತ್ತಿತು. ಆರಿತು. ಮತ್ತೆ ಹತ್ತಿತು. ಅದೇ ಅಂತರ, ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಯಂತ್ರ ಸುಮ್ಮನಿದೆ, ಹೆಡ್‌ಫೋನಿನಲ್ಲಿ ಏನೂ ಇಲ್ಲ, ಆ ಮನುಷ್ಯ ಬಟನ್ ಮೇಲೆ ತಾಳ ಹಾಕುತ್ತಿದ್ದಾರೆ! ಮೊದಲ ನಾಲ್ಕು ಸದ್ದು ಕೇಳಿ ಲಯ ಹಿಡಿದುಕೊಂಡರೆ ಮುಗಿಯಿತು, ಮುಂದಿನದಕ್ಕೆ ಕಿವಿ ಯಾಕೆ ಬೇಕು?

"ನೀವು ಸದ್ದು ಕೊಡ್ತಿದೀರಾ ಮೇಡಂ?" ಎಂದರು ಮಂಜುಳಾ, ಒಡೆದ ಧ್ವನಿಯಲ್ಲಿ.

"ಇಲ್ಲಮ್ಮ. ನನ್ನ ಕೈ ನೋಡಿ."

ಆಕೆ ನನ್ನ ಕೈ ನೋಡಿದರು, ದೀಪ ನೋಡಿದರು, ಗಂಡನ ಬೆನ್ನು ನೋಡಿದರು. ಸೆರಗು ಬಾಯಿಗೆ ಹೋಯಿತು. "ಅಯ್ಯೋ, ನಿಜವಾಗ್ಲೂ ಕೇಳಿಸಲ್ವಾ ಇವರಿಗೆ? ನಾನು ಎಷ್ಟೊಂದು ಬೈದ್ಬಿಟ್ಟಿದೀನಿ," ಎಂದು ಅಳತೊಡಗಿದರು. ಗಾಜಿನ ಒಳಗೆ ದೀಪದ ಯಜಮಾನರು ತಾಳ ಹಾಕುತ್ತಲೇ ಇದ್ದರು. ನನಗೆ ನಗು ಬಂತು, ಅಳುವೂ ಬಂತು.

ಹೊರಗೆ ಬಂದು, "ಹೆಂಗೆ ಮೇಡಂ, ಫಸ್ಟ್ ಕ್ಲಾಸಾ?" ಎಂದವರು ಹೆಂಡತಿಯ ಮುಖ ನೋಡಿ ತೆಪ್ಪಗಾದರು. ಡಾಕ್ಟರಮ್ಮ ಎದುರಿಗೆ ಕೂರಿಸಿಕೊಂಡು, ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದರು. ಆಗ ಒಂದೊಂದಾಗಿ ಹೊರಗೆ ಬಂತು. ಕಿವಿಯೊಳಗೆ ಯಾವಾಗಲೂ ಜೀರುಂಡೆ ಕೂಗಿದಂತಾಗುವುದು. ಜನರ ಮಾತು ಕೇಳುತ್ತದೆ, ಆದರೆ ಏನೆಂದು ತಿಳಿಯದು.

"ಮೋಸ ಅಲ್ಲ ಮೇಡಂ. ಮೊದ್ಲು ಕೇಳಿಸ್ತು, ಆಮೇಲೆ ಕೈ ತಾನೇ ಹೋಯ್ತು. ನಿಲ್ಲಿಸ್ಬೇಕಿತ್ತು, ನಿಲ್ಲಿಸ್ಲಿಲ್ಲ. ಮಾಸ್ಟರ್ ಹೇಳಿದ್ದು ಕೇಳಿದ್ರಲ್ಲ. ದಯವಿಟ್ಟು ಅವರಿಗೆ ಹೇಳ್ಬೇಡಿ."

"ಬಿಟ್ಬಿಡಿ ಆ ಡ್ರಮ್ಮು!" ಎಂದರು ಮಂಜುಳಾ. "ಬಾಡಿಗೆ ಬರಲ್ವಾ ನಮಗೆ?"

"ಬಾಡಿಗೆ ಎತ್ತೋದು ಒಂದು ಕೆಲಸವೇನೇ? ತಿಂಗಳಿಗೊಂದ್ಸಲ ಮೆಟ್ಟಿಲು ಹತ್ತಿ ಇಳಿಯೋದು. ಹೊಲ ಇದ್ದಾಗ ಅಪ್ಪ ಹೊಲಕ್ಕೆ ಹೋಗ್ತಿದ್ದ. ನಾನೆಲ್ಲಿಗೆ ಹೋಗ್ಲಿ? ಆ ಡ್ರಮ್ ಕೊರಳಿಗೆ ಹಾಕ್ಕೊಂಡ್ರೆ ನಾನೂ ಒಬ್ಬ ಮನುಷ್ಯ ಅನ್ಸುತ್ತೆ."

ಅವರನ್ನು ಮತ್ತೆ ಒಳಗೆ ಕೂರಿಸಿ, ಅಂತರ ತಪ್ಪಿಸಿ ತಪ್ಪಿಸಿ ಸದ್ದು ಕೊಟ್ಟು, ಕಿವಿ ನಿಜವಾಗಿ ಎಲ್ಲಿ ನಿಲ್ಲುತ್ತದೆ ಎಂದು ಅಳೆದೆ. ಡಾಕ್ಟರಮ್ಮ ಸುತ್ತಿ ಬಳಸಲಿಲ್ಲ. "ಹೋಗಿರೋದು ಬರಲ್ಲ. ಹಿಂಗೇ ಬಾರಿಸ್ತಾ ಇದ್ರೆ ಇರೋದೂ ಹೋಗುತ್ತೆ, ಹೆಂಡ್ತಿ ಮಗಳ ಮಾತು ಪೂರ್ತಿ ಹೋಗುತ್ತೆ. ಇರೋದನ್ನ ಉಳಿಸ್ಕೋಬಹುದು. ಅದಕ್ಕೆ ನೀವು ಮನಸ್ಸು ಮಾಡ್ಬೇಕು," ಎಂದರು. ಮನೆಯಲ್ಲಿ ಹಾಕಿಕೊಳ್ಳಲು ಒಂದು ಶ್ರವಣ ಸಾಧನ ಬರೆದುಕೊಟ್ಟರು. ಡ್ರಮ್ಮಿನ ವಿಷಯ ನನ್ನ ತಲೆಗೆ ಕಟ್ಟಿದರು.

ನಾನು ಮಾಡಿದ ಘನಕಾರ್ಯ ಕೇಳಿ. ನಮ್ಮ ಪಕ್ಕದ ಮನೆಯವರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಲ್ಲಿ ಪ್ರೆಸ್ಸಿನ ಮುಂದೆ ನಿಲ್ಲುವವರು ಕಿವಿಗೆ ಹಾಕಿಕೊಳ್ಳುವ ಹಳದಿ ಸ್ಪಂಜಿನ ಬಿರಡೆಗಳನ್ನು ತರಿಸಿ ಮುನಿರಾಜು ಅವರಿಗೆ ಕೊಟ್ಟೆ. ಯಂತ್ರದ ಮುಂದೆ ನಿಲ್ಲುವವನಿಗೆ ಯಂತ್ರದ ಸದ್ದು ಕೇಳಿಸಬೇಕಾಗಿಲ್ಲ. ಡ್ರಮ್ ಬಾರಿಸುವವನಿಗೆ ಪಕ್ಕದವನ ಸದ್ದು ಕೇಳಿಸದಿದ್ದರೆ ಏನು ಗತಿ ಎಂದು ಯೋಚಿಸಲೇ ಇಲ್ಲ.

ಹಲಸೂರಿನಲ್ಲಿ ಮದುವೆ ಮೆರವಣಿಗೆ. ಬಿರಡೆ ಹಾಕಿದ ಮುನಿರಾಜು ಅವರಿಗೆ ಎಲ್ಲವೂ ದೂರದಲ್ಲಿ, ಕಂಬಳಿಯ ಒಳಗೆ ನಡೆದಂತೆ ಕೇಳಿಸಿತಂತೆ. ತಮ್ಮ ಡ್ರಮ್ಮೇ ಕೇಳಿಸದೆ ಇನ್ನೂ ಜೋರಾಗಿ ಬಾರಿಸಿದರು. ಮಾಸ್ಟರ ಕ್ಲಾರಿಯೊನೆಟ್ ನಿಧಾನವಾಗಿದ್ದು ತಿಳಿಯಲೇ ಇಲ್ಲ, ಇವರು ಮುಂದಕ್ಕೆ ಓಡಿದರು. ಡ್ರಮ್ಮಿನ ಹಾಳೆ ಪಟ್ ಎಂದು ಹರಿಯಿತು. ಕುದುರೆ ಬೆಚ್ಚಿ ಹಿಂದಕ್ಕೆ ಹಿಂದಕ್ಕೆ ಸರಿದು ಹೂವಿನ ಗಾಡಿಗೆ ಒರಗಿತು, ಮದುಮಗ ಪೇಟ ಬಿಟ್ಟು ಅದರ ಕತ್ತು ತಬ್ಬಿಕೊಂಡ. ಮಾಸ್ಟರು ಬಂದು ನೋಡಿದರೆ ಕಿವಿಯಲ್ಲಿ ಹಳದಿ ಬಿರಡೆ!

ಮರುದಿನ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು. ಅವರು ಕೂಗಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆಯಾದದ್ದು.

"ಮೇಡಂ, ಸಂಗೀತಗಾರನ ಕಿವಿಗೆ ಬೂಚು ಹಾಕಿ ಕಳಿಸಿದ್ರಿ. ನಾಳೆ ಕ್ಲಾರಿಯೊನೆಟ್‌ಗೂ ಬೂಚು ಹಾಕ್ತೀರಾ? ಮುನಿರಾಜುಗೆ ಮನೇಲಿರು ಅಂದಿದೀನಿ. ಹದಿನಾರು ವರ್ಷದವನಿದ್ದಾಗಿಂದ ನನ್ನ ಜೊತೆಗಿದ್ದೋನು. ನಂಗೂ ಸಂತೋಷ ಇಲ್ಲ."

ಅಂತೂ ಯಾವುದನ್ನು ಉಳಿಸಲು ಹೊರಟಿದ್ದೆವೋ ಅದನ್ನೇ ನಾನು ಕಳೆದಿದ್ದೆ. ಮುನಿರಾಜು ಮನೆಯಲ್ಲಿ ಸುಮ್ಮನೆ ಕೂತಿದ್ದಾರೆ, ಊಟದ ತಟ್ಟೆಯ ಅಂಚಿನ ಮೇಲೂ ಬೆರಳಾಡಿಸುವುದಿಲ್ಲ ಎಂದು ಮಂಜುಳಾ ಫೋನ್ ಮಾಡಿದರು. "ಡ್ರಮ್ ಬಿಡಿ ಅಂತ ನಾನೇ ಅಂದಿದ್ದೆ ಮೇಡಂ. ಈಗ ಇವರನ್ನ ಹಿಂಗೆ ನೋಡೋಕಾಗ್ತಿಲ್ಲ. ಏನಾದ್ರೂ ಮಾಡಿ."

ಡಾಕ್ಟರಮ್ಮನ ಬಾಯಿಗೆ ಇಂಗ್ಲಿಷ್ ಬಂದಿತ್ತು. ಬೈದು ಮುಗಿಸಿದ ಮೇಲೆ ಕನ್ನಡಕ್ಕೆ ಇಳಿದು, "ನೀನು ಯಾವತ್ತಾದ್ರೂ ಮೆರವಣಿಗೆ ಜೊತೆ ನಡೆದಿದೀಯಾ?" ಎಂದರು. ಇಲ್ಲ ಎಂದೆ. "ನಾನೂ ಇಲ್ಲ. ಚಪ್ಪಲಿ ಗಟ್ಟಿ ಇರೋದು ಹಾಕ್ಕೊಂಡು ಬಾ."

ಹೀಗೆ ಇಬ್ಬರು ನಡುವಯಸ್ಸಿನ ಹೆಂಗಸರು ಬಾಣಸವಾಡಿಯಲ್ಲಿ ಯಾರದೋ ಮದುವೆಯ ಮೆರವಣಿಗೆ ಸೇರಿದೆವು. ಮಾಸ್ಟರನ್ನು ಒಪ್ಪಿಸುವುದಕ್ಕೇ ಅರ್ಧ ದಿನ ಹಿಡಿದಿತ್ತು. ಸಂಜೆ ಬಿಸಿಲು ಇನ್ನೂ ಇತ್ತು. ನನ್ನ ಕೈಯಲ್ಲಿ ಸದ್ದು ಅಳೆಯುವ ಹಳೆಯ ಮುಳ್ಳಿನ ಮೀಟರು. ಹೆಣ್ಣಿನ ಕಡೆಯವರು ನಮ್ಮನ್ನು ಗಂಡಿನ ಕಡೆಯವರೆಂದು ತಿಳಿದು ಮಲ್ಲಿಗೆ ಕೊಟ್ಟರು, ಡಾಕ್ಟರಮ್ಮ ಮುಡಿದುಕೊಂಡರು.

ಎಲ್ಲಕ್ಕೂ ಮುಂದೆ ಮಾಸ್ಟರು, ಮೈಕು ಸಿಕ್ಕಿಸಿದ ಕ್ಲಾರಿಯೊನೆಟ್ ಹಿಡಿದು. ಅಲ್ಲಿ ಮುಳ್ಳು ಅಷ್ಟೇನೂ ಏರಲಿಲ್ಲ. ಟ್ರಂಪೆಟ್ಟಿನವರ ಹತ್ತಿರ ಏರಿತು. ಕೊನೆಯ ಸಾಲು ಡ್ರಮ್ಮಿನವರದು. ಅಲ್ಲಿಗೆ ಹೋದರೆ ಮುಳ್ಳು ಆಚೆ ತುದಿಗೆ ಹೊಡೆದು ನಿಂತೇ ಬಿಟ್ಟಿತು. ಡ್ರಮ್ಮಿನ ಸದ್ದು ಇಷ್ಟೊಂದೇ ಎಂದು ಹಿಂದೆ ತಿರುಗಿ ನೋಡುತ್ತೇನೆ, ಕಿವಿಯ ಮಟ್ಟಕ್ಕೆ ಸರಿಯಾಗಿ ಸ್ಪೀಕರ್ ಗಾಡಿ! ಜನರೇಟರ್ ಸಮೇತ, ಡ್ರಮ್ಮಿನವರ ಬೆನ್ನಿಗೆ ಅಂಟಿಕೊಂಡೇ ಉರುಳುತ್ತಿತ್ತು. ಮಾಸ್ಟರ ಮೈಕಿನಲ್ಲಿ ಹೋದದ್ದೆಲ್ಲ ಹತ್ತುಪಟ್ಟಾಗಿ ಇವರ ಕಿವಿಗೇ ಬೀಳುತ್ತಿತ್ತು.

ಮೆರವಣಿಗೆ ಛತ್ರದ ಮುಂದೆ ನಿಂತಾಗ ನಾನು ಮೀಟರನ್ನು ಮಾಸ್ಟರ ಕೈಗೇ ಕೊಟ್ಟೆ. ನಿಮ್ಮ ಜಾಗದಿಂದ ಡ್ರಮ್ಮಿನ ಜಾಗದ ತನಕ ನಡೆದು ಬನ್ನಿ ಎಂದೆ. ಮೈಕನ್ನು ಟ್ರಂಪೆಟ್ಟಿಗೆ ಸಿಕ್ಕಿಸಿ ಹುಡುಗರು ಬಾರಿಸುತ್ತಿದ್ದರು, ಇವರು ಮುಳ್ಳು ನೋಡುತ್ತಾ ನಡೆದರು. ಸ್ಪೀಕರಿನ ಮುಂದೆ ನಿಂತವರು ತಡೆಯಲಾರದೆ ಇನ್ನೊಂದು ಕೈಯಿಂದ ಕಿವಿ ಮುಚ್ಚಿಕೊಂಡರು. ಎಷ್ಟೋ ಮದುವೆಗಳಿಗೆ ನುಡಿಸಿದ ಮನುಷ್ಯ ತಮ್ಮ ಸೆಟ್ಟಿನ ಕೊನೆಯ ಸಾಲಿನಲ್ಲಿ ಅದುವರೆಗೆ ನಿಂತಿರಲೇ ಇಲ್ಲ. ಯಜಮಾನ ಯಾವಾಗಲೂ ಮುಂದೆಯೇ ತಾನೇ?

"ಗಾಡಿ ಇಲ್ಲೇ ಯಾಕೆ ಬರ್ಬೇಕು ಮಾಸ್ಟರ್?" ಎಂದು ಡಾಕ್ಟರಮ್ಮ ಕೇಳಿದರು.

ಮಾಸ್ಟರು ಯೋಚಿಸಿದರು. ಗಾಡಿ ತಳ್ಳುವವನನ್ನು ಕೇಳಿದರು. ಅವನು, "ಮೈಕಿನ ವೈರ್ ಇಷ್ಟೇ ಉದ್ದ ಇರೋದು ಸಾಬ್," ಎಂದ.

 ಡಾಕ್ಟರಮ್ಮ ನಗಲು ಶುರು ಮಾಡಿದರು, ಮಲ್ಲಿಗೆ ಕೆಳಗೆ ಬಿತ್ತು. ಮಾಸ್ಟರೂ ಹಣೆ ಚಚ್ಚಿಕೊಂಡು ನಕ್ಕರು. ಇಷ್ಟು ಜನರ ಕಿವಿ ಹಾಳಾದದ್ದು ಒಂದು ಗಿಡ್ಡ ವೈರಿನಿಂದ! ಮರುದಿನವೇ ಉದ್ದದ ವೈರ್ ಬಂತು. ಗಾಡಿ ಕುದುರೆಗೂ ಹಿಂದಕ್ಕೆ ಹೋಯಿತು, ಸ್ಪೀಕರುಗಳು ತಲೆಗಿಂತ ಮೇಲಕ್ಕೆ ಹತ್ತಿದವು. ಕುದುರೆಯ ಕಡೆಗೆ ತಿರುಗಿಸಬೇಡಿ ಎಂದು ನಾನೇ ಹೇಳಬೇಕಾಯಿತು.

ಆದರೂ ಡ್ರಮ್ಮಿನವರಿಗೆ ಕಿವಿ ಮುಚ್ಚದೆ ಗತಿಯಿರಲಿಲ್ಲ. ಅಷ್ಟರಲ್ಲಿ ಸಂಗೀತಗಾರರಿಗೆಂದೇ ಮಾಡುವ ಬಿರಡೆ ಬಂದಿರುವುದು ಡಾಕ್ಟರಮ್ಮನಿಗೆ ತಿಳಿಯಿತು. ಕಿವಿಯೊಳಗೆ ಗುಲಾಬಿ ಬಣ್ಣದ ಮೆತ್ತನೆಯ ಪೇಸ್ಟು ಹಾಕಿ ಅಚ್ಚು ತೆಗೆದು, ಆ ಅಚ್ಚಿಗೆ ಸರಿಯಾಗಿ ಮಾಡುತ್ತಾರೆ. ಒಳಗೆ ಒಂದು ಸಣ್ಣ ಜರಡಿ. ಅದು ಸದ್ದನ್ನು ಮುಚ್ಚುವುದಿಲ್ಲ, ಎಲ್ಲ ಸ್ವರಗಳನ್ನೂ ಒಂದೇ ಸಮನಾಗಿ ತಗ್ಗಿಸುತ್ತದೆ. ಮುನಿರಾಜು ಅವರ ಕಿವಿಯ ಅಚ್ಚನ್ನು ಎರಡೆರಡು ಸಲ ತೆಗೆದೆ. ಇದೂ ಕೈಕೊಟ್ಟರೆ ಮಾಸ್ಟರು ಮತ್ತೆ ಬಾಗಿಲು ತೆಗೆಯುವವರಲ್ಲ.

ಮಾಸ್ಟರು ತಮ್ಮ ಅಂಗಡಿಯಲ್ಲೇ ಪರೀಕ್ಷೆ ಇಟ್ಟರು. ಗೋಡೆಯ ತುಂಬ ಕೆಂಪು ಕೋಟುಗಳು, ಮೂಲೆಯಲ್ಲಿ ಹಿತ್ತಾಳೆಯ ದೊಡ್ಡ ಬಾಯಿಗಳು. ಮುನಿರಾಜು ಡ್ರಮ್ ಕೊರಳಿಗೆ ಹಾಕಿಕೊಂಡು ಗೋಡೆಗೆ ಮುಖ ಮಾಡಿ ನಿಂತರು. ಬಟನ್ ಮೇಲೆ ತಾಳ ಹಾಕಿದ ಕಥೆಯನ್ನು, ಬಿರಡೆಯ ಗಲಾಟೆಯಾದ ಮೇಲೆ, ನನ್ನಿಂದ ಕೇಳಿ ತಿಳಿದುಕೊಂಡಿದ್ದರಲ್ಲ, ಮಾಸ್ಟರು ತಾಳಕ್ಕೆ ಸಿಗುವ ಹಾಗೆ ನುಡಿಸಲೇ ಇಲ್ಲ. ನಿಧಾನ ಶುರು ಮಾಡಿ ಓಡಿದರು, ಓಡುತ್ತಿದ್ದವರು ಇದ್ದಕ್ಕಿದ್ದಂತೆ ಎಳೆದರು, ಪಿಸುಮಾತಿನಷ್ಟು ಇಳಿಸಿದರು.  ಡ್ರಮ್ಮು ಅವರ ಹಿಂದೆಯೇ ಹೋಯಿತು, ಎಳೆದಲ್ಲಿ ಎಳೆಯಿತು, ಇಳಿಸಿದಲ್ಲಿ ಇಳಿಯಿತು.

ಮಾಸ್ಟರು ಕ್ಲಾರಿಯೊನೆಟ್ ಕೆಳಗಿಟ್ಟು ಬಹಳ ಹೊತ್ತು ಗಡ್ಡ ನೀವಿಕೊಂಡರು. "ಏನೋ ಬೇಟಾ, ಇಷ್ಟು ಮೆತ್ತಗೆ ನೀನು ಯಾವತ್ತು ಬಾರಿಸಿದ್ದೆ?"

"ಮೊದ್ಲು ನಿಮ್ಮ ಕ್ಲಾರಿಯೊನೆಟ್ ಆ ಸ್ಪೀಕರಲ್ಲಿ ಬರೀ ಗದ್ದಲವಾಗಿ ಬರ್ತಿತ್ತು ಮಾಸ್ಟರ್. ನಿಮ್ಮ ಭುಜ ನೋಡ್ಕೊಂಡು ಬಾರಿಸ್ತಿದ್ದೆ. ಈಗ ಕೇಳಿಸ್ತಿದೆ."

ಮಾಸ್ಟರ ಕಣ್ಣು ತೇವವಾಯಿತು. "ಕಿವಿ ಕೆಟ್ಟೋನಿಗೆ ವಾದ್ಯ ಇಲ್ಲ ಅಂದಿದ್ನಲ್ಲ, ಅದು ಮರೆತುಬಿಡ್ರಪ್ಪಾ. ಕಿವಿ ಕಾಪಾಡ್ಕೊಳ್ದೇ ಇರೋನಿಗೆ ವಾದ್ಯ ಇಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ನನ್ನ ಹತ್ತಿರ ಬಗ್ಗಿ, "ನಂಗೂ ಒಂದ್ ಜೊತೆ ಮಾಡಿಬಿಡಿ ಮೇಡಂ. ಆ ಗುಲಾಬಿ ಪೇಸ್ಟು ಕಚಗುಳಿ ಆಗಲ್ಲ ತಾನೇ?" ಎಂದರು. ಡಾಕ್ಟರಮ್ಮ ಒಂದು ಮಾತೂ ಆಡಲಿಲ್ಲ. ಅಷ್ಟು ಖುಷಿಯಾಗಿತ್ತು ಅವರಿಗೆ.

ಆ ವರ್ಷ ಆಯುಧಪೂಜೆಗೆ ಅಂಗಡಿಗೆ ಕರೆದರು. ಮಾಸ್ಟರು ಪೂಜೆ ಮಾಡುವವರಲ್ಲ, ಆದರೆ ಸೆಟ್ಟಿನ ಹುಡುಗರು ಮಾಡುವಾಗ ಟೋಪಿ ಸರಿಮಾಡಿಕೊಂಡು ಪಕ್ಕದಲ್ಲಿ ನಿಲ್ಲುವುದು ಅಲ್ಲಿನ ವಾಡಿಕೆ. ಡ್ರಮ್ಮು, ಟ್ರಂಪೆಟ್ಟುಗಳಿಗೆಲ್ಲ ಕುಂಕುಮ, ಚೆಂಡುಹೂವು. ಅವುಗಳ ಮುಂದೆ ಒಂದು ಸ್ಟೀಲ್ ತಟ್ಟೆಯಲ್ಲಿ ಬಿರಡೆಯ ಪುಟ್ಟ ಡಬ್ಬಿಗಳು, ಒಂದೊಂದಕ್ಕೂ ಕುಂಕುಮದ ಬೊಟ್ಟು. ಯಾರು ಇಟ್ಟರೆಂದು ನಾನು ಕೇಳಲಿಲ್ಲ. ಮಂಜುಳಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಅಂದಿನಿಂದ ನಾನು ಯಾರ ಕಿವಿಗೂ ಒಂದೇ ಅಂತರದಲ್ಲಿ ಸದ್ದು ಕೊಟ್ಟಿಲ್ಲ. ನೀವೂ ಕೊಡಬೇಡಿ. ಒಮ್ಮೆ ಬೇಗ, ಒಮ್ಮೆ ತಡವಾಗಿ, ನಡುವೆ ಒಂದು ಉದ್ದನೆಯ ಮೌನ. ಎದುರಿಗೆ ಕೂತವರು ನೃತ್ಯದವರೋ ತಮಟೆಯವರೋ ಆಗಿದ್ದರೆ ಆ ಮೌನವನ್ನು ಇನ್ನೂ ಉದ್ದ ಮಾಡಿ. ಮತ್ತೊಂದು ಮಾತು, ಅವರ ಎದುರಿಗೆ ಕೆಲಸ ಹೋಗುವ ಮಾತನ್ನು ಯಾರಿಗೂ ಆಡಲು ಬಿಡಬೇಡಿ. ಹೆದರಿದವನು ಕಿವಿಯಲ್ಲಿ ಕೇಳುವುದಿಲ್ಲ.

ನಾನು ನಿವೃತ್ತಿಯಾಗುವ ಹಿಂದಿನ ಆಷಾಢದಲ್ಲಿ ಬ್ಯಾಂಡಿನವರು ಎಂದಿನಂತೆ ಬಂದರು. ಈಗ ಕರೆದುಕೊಂಡು ಬರುವವರು ಮುನಿರಾಜುವೇ. ಮಾಸ್ಟರಿಗೆ ಮೊಣಕಾಲು ನೋವು, ಅಂಗಡಿಯಲ್ಲಿ ಕೂತೇ ಹುಕುಂ ನಡೆಸುತ್ತಾರೆ. ಎಲ್ಲರದೂ ಮುಗಿದ ಮೇಲೆ ಮುನಿರಾಜು ಶ್ರವಣ ಸಾಧನ ತೆಗೆದು ಹೆಂಡತಿಯ ಕೈಗೆ ಕೊಟ್ಟು ಒಳಗೆ ಹೋದರು. ಮೀಸೆ ನರೆತಿತ್ತು. ನನಗೆ ಬೆನ್ನು ಮಾಡಿ ಕೂತರು. ಮಂಜುಳಾ ಹಿಂದಿನಂತೆಯೇ ನನ್ನ ಪಕ್ಕ ನಿಂತರು.

ನಾಲ್ಕಾರು ಸದ್ದು ಕೊಟ್ಟೆ, ದೀಪ ಹತ್ತಿತು. ಆಮೇಲೆ ಕೈ ಕಟ್ಟಿಕೊಂಡು ಕೂತೆ.

ದೀಪ ಹತ್ತಲಿಲ್ಲ. ಹೊರಗೆ ಬಸ್ಸೊಂದು ತಿರುಗಿ ಹೋಯಿತು. ಮಾಂಸದಂಗಡಿಯ ಕತ್ತಿ ಎರಡು ಸಲ ಬಿದ್ದು ನಿಂತಿತು. ದೀಪ ಹತ್ತಲಿಲ್ಲ. ಮಂಜುಳಾ ನನ್ನ ಭುಜ ಹಿಡಿದರು.

"ಯಾಕ್ ಮೇಡಂ ಹತ್ತುತ್ತಿಲ್ಲ? ಕೇಳಿಸ್ತಿಲ್ವಾ ಇವರಿಗೆ?"

"ನಾನು ಸದ್ದೇ ಕೊಟ್ಟಿಲ್ಲಮ್ಮ."

ಆಕೆಯ ಬೆರಳುಗಳು ಸಡಿಲವಾದವು. ಮೊದಲ ಸಲ ನಿಜವಾಗಿ ಅಳೆದ ದಿನ ಅವರ ಕಿವಿ ಎಲ್ಲಿ ನಿಂತಿತ್ತೋ, ಅದೇ ಜಾಗದ ಆ ಸಣ್ಣ ಸದ್ದನ್ನು ಕೊಟ್ಟೆ. ಅದಕ್ಕಿಂತ ಒಂದು ಚೂರೂ ಜೋರಿಲ್ಲ. ಹಸಿರು ದೀಪ ಹತ್ತಿತು.

"ಅಷ್ಟೇ ಇದೆ. ಅವತ್ತಿನಿಂದ ಒಂದಿಷ್ಟೂ ಇಳಿದಿಲ್ಲ," ಎಂದೆ.  ಮಂಜುಳಾ ಗಾಜಿನ ಆಚೆಗೆ ಗಂಡನ ಬೆನ್ನನ್ನು ನೋಡುತ್ತಾ ನಿಂತರು.

ಬಾಗಿಲು ತೆಗೆದುಕೊಂಡು ಮುನಿರಾಜು ಹೊರಗೆ ಬಂದರು. ಸಾಧನವನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾ ನನ್ನನ್ನು ದುರುಗುಟ್ಟಿ ನೋಡಿದರು.

"ಏನ್ ಮೇಡಂ, ನನ್ನ ಒಳಗೆ ಕೂರಿಸಿ ಮಧ್ಯದಲ್ಲಿ ಎಲ್ಲಿ ಹೋಗಿದ್ರಿ? ಕಾಫಿ ಕುಡಿಯೋಕಾ?"